ಸಾಲಮನ್ನಾ, ಸಂಬಳ, ಸರ್ಕಾರಿ ವೆಚ್ಚ: ಕರ್ನಾಟಕ ವಿಧಾನಮಂಡಲದ ಹಣಕಾಸಿನ ಪ್ರಶ್ನೆಗಳು

ಸರ್ಕಾರದ ಹಣದ ಬಗ್ಗೆ ಸರ್ಕಾರವನ್ನು ಕೇಳುವುದು ಶಾಸಕರ ಹಕ್ಕೂ ಹೌದು, ಕೆಲಸವೂ ಹೌದು. 224 ಸದಸ್ಯರ ವಿಧಾನಸಭೆ ಮತ್ತು 75 ಸದಸ್ಯರ ವಿಧಾನ ಪರಿಷತ್ತು ಸೇರಿ ಕರ್ನಾಟಕದ ವಿಧಾನಮಂಡಲವಾಗಿದೆ. ಇಲ್ಲಿ ಹೆಚ್ಚುಕಡಿಮೆ ಪ್ರತಿ ಅಧಿವೇಶನದಲ್ಲೂ ಮರಳಿ ಬರುವ ಪ್ರಶ್ನೆಗಳು ಮೂರು: ರೈತರ ಸಾಲ ಮನ್ನಾ ಆಗುವುದು ಯಾವಾಗ, ನೌಕರರ ಸಂಬಳ ಏರುವುದು ಯಾವಾಗ, ಬಜೆಟ್ಟಿನಲ್ಲಿ ಹೇಳಿದ ದುಡ್ಡು ಹೋದದ್ದು ಎಲ್ಲಿಗೆ. ಮೂರಕ್ಕೂ ಹಣ ಹೊರಡುವುದು ರಾಜ್ಯದ ಸಂಚಿತ ನಿಧಿ ಎಂಬ ಒಂದೇ ಬೊಕ್ಕಸದಿಂದ. ಸದನದಲ್ಲಿ ಮಾತ್ರ ಇವನ್ನು ಬೇರೆ ಬೇರೆ ದಿನ, ಬೇರೆ ಬೇರೆ ಸಚಿವರಿಗೆ ಕೇಳಲಾಗುತ್ತದೆ. ಸಾಲಮನ್ನಾದ ಪ್ರಶ್ನೆ ಸಹಕಾರ ಅಥವಾ ಕಂದಾಯ ಸಚಿವರ ಪಾಲಿಗೆ ಬೀಳುತ್ತದೆ, ಸಂಬಳದ್ದು ಆರ್ಥಿಕ ಇಲಾಖೆಗೆ ಹೋಗುತ್ತದೆ, ವೆಚ್ಚದ್ದು ಇಲಾಖೆಗೊಂದರಂತೆ ಹಂಚಿಹೋಗುತ್ತದೆ. ಒಂದಕ್ಕೆ ಹೌದು ಎಂದರೆ ಇನ್ನೊಂದಕ್ಕೆ ಎಷ್ಟು ಉಳಿಯುತ್ತದೆ ಎಂದು ಮೂರನ್ನೂ ಎದುರುಬದುರು ಇಟ್ಟು ಕೇಳಿದ ಶಾಸಕರು ವಿರಳ. ಕರ್ನಾಟಕದ ಹಣಕಾಸಿನ ಚರ್ಚೆಯ ಬಲ ಮತ್ತು ದೌರ್ಬಲ್ಯ ಎರಡೂ ಈ ಒಂದು ಸಂಗತಿಯಲ್ಲಿ ಅಡಗಿವೆ.

ಮೈಸೂರಿನ ಹಿನ್ನೆಲೆ

ಹಣದ ವಿಚಾರವನ್ನು ಪ್ರಜೆಗಳ ಪ್ರತಿನಿಧಿಗಳ ಮುಂದೆ ಇಡುವ ರೂಢಿ ಮೈಸೂರು ಸಂಸ್ಥಾನದಲ್ಲಿ 1881ರಲ್ಲಿ ಶುರುವಾಯಿತು. ಆ ವರ್ಷ ಹತ್ತನೆಯ ಚಾಮರಾಜೇಂದ್ರ ಒಡೆಯರ ಕೈಗೆ ಆಡಳಿತ ಮರಳಿದಾಗ ರಾಜ್ಯವೇ ಸಾಲಗಾರನಾಗಿತ್ತು. 1876–78ರ ಭೀಕರ ಕ್ಷಾಮ ಖಜಾನೆಯನ್ನು ಬರಿದು ಮಾಡಿತ್ತು. ಭಾರತ ಸರ್ಕಾರಕ್ಕೆ ಕೊಡಬೇಕಾದ ಸಾಲ 80 ಲಕ್ಷ ರೂಪಾಯಿ ಇತ್ತು. ಇದರ ಮೇಲೆ ಬ್ರಿಟಿಷರಿಗೆ ಕೊಡಬೇಕಾದ ವಾರ್ಷಿಕ ಪೊಗದಿಯನ್ನು 24.5 ಲಕ್ಷದಿಂದ 35 ಲಕ್ಷಕ್ಕೆ ಏರಿಸುವ ಕರಾರೂ ಸೇರಿತು. ಈ ಹೆಚ್ಚಳದ ವಸೂಲಿಯನ್ನು ಮುಂದೂಡಿಸಿಕೊಳ್ಳುವುದೇ ಮುಂದಿನ ದಿವಾನರ ದೊಡ್ಡ ಕೆಲಸವಾಯಿತು. ರೈತರ ಸಾಲಮನ್ನಾ ಕೇಳುವ ಸದನದ ಇತಿಹಾಸವು ಸರ್ಕಾರ ತಾನೇ ರಿಯಾಯಿತಿ ಕೇಳುತ್ತಿದ್ದ ಕಾಲದಿಂದ ಆರಂಭವಾಗುವುದು ಗಮನಾರ್ಹ.

ದಿವಾನ್ ಸಿ. ರಂಗಾಚಾರ್ಲು ಅವರು 1881ರ ಅಕ್ಟೋಬರ್ 7ರಂದು ಕರೆದ ಮೊದಲ ಪ್ರಜಾಪ್ರತಿನಿಧಿ ಸಭೆಯಲ್ಲಿ 144 ಮಂದಿ ಇದ್ದರು. ಸಭೆಗೆ ಕಾನೂನು ಮಾಡುವ ಅಧಿಕಾರ ಇರಲಿಲ್ಲ. ದಿವಾನರು ವರ್ಷದ ಆಡಳಿತ ಮತ್ತು ಹಣಕಾಸಿನ ವರದಿ ಒಪ್ಪಿಸುವರು, ಸದಸ್ಯರು ಅಹವಾಲು ಹೇಳಿಕೊಳ್ಳುವರು, ಅಷ್ಟೆ. 1907ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ನ್ಯಾಯವಿಧಾಯಕ ಸಭೆ ಹುಟ್ಟಿತು. ಪ್ರಶ್ನೆ ಕೇಳುವ, ಆಯವ್ಯಯ ಚರ್ಚಿಸುವ, ನಿರ್ಣಯ ಮಂಡಿಸುವ ಹಕ್ಕುಗಳು ಅದಕ್ಕೆ ಹಂತಹಂತವಾಗಿ ದಕ್ಕಿದವು. ಅನುದಾನದ ಬೇಡಿಕೆಗಳ ಮೇಲೆ ಮತ ಹಾಕುವ ಅಧಿಕಾರ ಬಂದದ್ದು 1923ರ ಸುಧಾರಣೆಯಲ್ಲಿ. ಕೇಳುವ ಹಕ್ಕು ಮೊದಲು, ತಡೆಯುವ ಹಕ್ಕು ಬಹಳ ತಡವಾಗಿ ಎಂಬ ಈ ಕ್ರಮದ ಗುರುತು ಇಂದಿನ ಸದನದಲ್ಲೂ ಉಳಿದಿದೆ. ಕೇಳುವುದರಲ್ಲಿ ಶಾಸಕರು ನುರಿತವರು, ಅನುದಾನವನ್ನು ತಡೆದು ನಿಲ್ಲಿಸಿದ ನಿದರ್ಶನಗಳು ಮಾತ್ರ ಸಿಗುವುದಿಲ್ಲ.

ಕೃಷಿ ಸಾಲದ ಪರಿಹಾರಕ್ಕೂ ಹಳೆಯ ಬೇರುಗಳಿವೆ. ಮೈಸೂರಿನಲ್ಲಿ 1928ರ ಕೃಷಿಕರ ಪರಿಹಾರ ಶಾಸನ, ಮದ್ರಾಸಿಗೆ ಸೇರಿದ್ದ ದಕ್ಷಿಣ ಕನ್ನಡದಲ್ಲಿ ರಾಜಾಜಿ ಸರ್ಕಾರದ 1938ರ ಕಾಯ್ದೆ, ಮುಂಬೈ ಕರ್ನಾಟಕದಲ್ಲಿ 1947ರ ಕೃಷಿ ಋಣಿಗಳ ಪರಿಹಾರ ಕಾಯ್ದೆ ಜಾರಿಯಲ್ಲಿದ್ದವು. 1956ರಲ್ಲಿ ಒಂದಾದ ರಾಜ್ಯಕ್ಕೆ ಈ ಎಲ್ಲ ಬಗೆಯ ಸಾಲಗಾರರೂ, ಎಲ್ಲ ಬಗೆಯ ಕಾನೂನುಗಳೂ ಒಟ್ಟಿಗೇ ಬಂದವು.

ಪ್ರಶ್ನೆ ನಡೆಯುವ ದಾರಿ

ಪ್ರಶ್ನೋತ್ತರ ಅವಧಿಯಲ್ಲಿ ಬಾಯಿಮಾತಿನ ಉತ್ತರ ಬೇಕೆನ್ನುವ ಶಾಸಕರು ಚುಕ್ಕೆ ಗುರುತಿನ ಪ್ರಶ್ನೆ ಹಾಕುತ್ತಾರೆ. ಲಿಖಿತ ಉತ್ತರ ಸಾಕೆಂದರೆ ಚುಕ್ಕೆ ಗುರುತಿಲ್ಲದ್ದು. ಮೊದಲನೆಯ ಬಗೆಗೆ ಉಪಪ್ರಶ್ನೆ ಕೇಳಬಹುದು. ಸಚಿವರ ನಿಜವಾದ ಪರೀಕ್ಷೆ ಅಲ್ಲಿ. ಅಧಿಕಾರಿಗಳ ಗ್ಯಾಲರಿಯಿಂದ ಚೀಟಿಗಳು ಓಡಾಡುವುದೂ ಆಗಲೇ. ಇದಲ್ಲದೆ ಶೂನ್ಯವೇಳೆ, ಗಮನ ಸೆಳೆಯುವ ಸೂಚನೆ, ಅರ್ಧ ಗಂಟೆಯ ಚರ್ಚೆ ಇವೆ. ವಿಧಾನಸಭೆಯಲ್ಲಿ ವಿರೋಧ ಪಕ್ಷದವರು ನಿಯಮ 60ರಡಿ ನಿಲುವಳಿ ಸೂಚನೆ ಕೊಡುವುದು, ಸಭಾಧ್ಯಕ್ಷರು ಅದನ್ನು ನಿಯಮ 69ಕ್ಕೆ ಬದಲಾಯಿಸಿ ಚರ್ಚೆಗೆ ಒಪ್ಪುವುದು ಪಳಗಿದ ಆಟ. ನಿಲುವಳಿಗೆ ಒಪ್ಪಿದರೆ ಸರ್ಕಾರಕ್ಕೆ ಮುಖಭಂಗ, 69 ಆದರೆ ಇಬ್ಬರಿಗೂ ಮರ್ಯಾದೆ.

ಲಿಖಿತ ಉತ್ತರಗಳಿಗೆ ಒಂದು ಸಿದ್ಧ ಅಚ್ಚಿದೆ. ಎಡಗಡೆ (ಅ), (ಆ), (ಇ) ಎಂದು ಪ್ರಶ್ನೆಯ ಭಾಗಗಳು, ಬಲಗಡೆ ಉತ್ತರ. ಇಂಥ ವಿಷಯ ಸರ್ಕಾರದ ಗಮನಕ್ಕೆ ಬಂದಿದೆಯೇ ಎಂದರೆ "ಬಂದಿದೆ". ಬಂದಿದ್ದಲ್ಲಿ ಕೈಗೊಂಡ ಕ್ರಮವೇನು ಎಂದರೆ "ಪರಿಶೀಲನೆಯಲ್ಲಿದೆ" ಅಥವಾ "ಅನುದಾನದ ಲಭ್ಯತೆಗನುಗುಣವಾಗಿ". ಮೊದಲನೆಯದಕ್ಕೇ "ಇಲ್ಲ" ಎಂದುಬಿಟ್ಟರೆ ಉಳಿದದ್ದಕ್ಕೆಲ್ಲ "ಉದ್ಭವಿಸುವುದಿಲ್ಲ". ಈ ಅಚ್ಚನ್ನು ಗೇಲಿ ಮಾಡುವುದು ಸುಲಭ. ಆದರೆ ಉತ್ತರದ ಹಿಂದೆ ಲಗತ್ತಿಸುವ ಅನುಬಂಧದಲ್ಲಿ ಜಿಲ್ಲಾವಾರು, ತಾಲ್ಲೂಕುವಾರು ಅಂಕಿಅಂಶ ಇರುತ್ತದೆ. ರಾಜ್ಯದ ಹಣಕಾಸಿನ ಬಗ್ಗೆ ಪತ್ರಿಕೆಗಳಲ್ಲಿ ಬರುವ ಖಚಿತ ಅಂಕಿಗಳಲ್ಲಿ ಬಹಳಷ್ಟು ಈ ಅನುಬಂಧಗಳಿಂದ ಬಂದವೇ. ಹತ್ತು ನಿಮಿಷದ ಗದ್ದಲಕ್ಕಿಂತ ಒಂದು ಒಳ್ಳೆಯ ಅನುಬಂಧ ಹೆಚ್ಚು ಕಾಲ ಬಾಳುತ್ತದೆ.

ಸಂವಿಧಾನದ 202ರಿಂದ 207ರವರೆಗಿನ ವಿಧಿಗಳು ರಾಜ್ಯದ ಹಣಕಾಸಿನ ಕಲಾಪವನ್ನು ರೂಪಿಸಿವೆ. ಮುಂಗಡಪತ್ರ ಮಂಡನೆ, ಸಾಮಾನ್ಯ ಚರ್ಚೆ, ಇಲಾಖಾವಾರು ಬೇಡಿಕೆಗಳು, ಧನವಿನಿಯೋಗ ವಿಧೇಯಕ, ವರ್ಷದ ನಡುವೆ ಪೂರಕ ಅಂದಾಜುಗಳು ಎಂಬುದು ಕ್ರಮ. ಧನ ವಿಧೇಯಕಗಳಲ್ಲಿ ಪರಿಷತ್ತಿಗೆ 14 ದಿನ ತಡೆಹಿಡಿದು ಸಲಹೆ ಕೊಡುವಷ್ಟೇ ಅಧಿಕಾರ. ಇಲ್ಲಿ ಒಂದು ಮುಖ್ಯ ತೊಡಕಿದೆ. ಸರ್ಕಾರ ತಾನು ಮಾಡಿದ ಸಾಲದ ಬಡ್ಡಿ ಮತ್ತು ಅಸಲಿಗೆ ಮಾಡುವ ಖರ್ಚು ಸಂಚಿತ ನಿಧಿಯ ಮೇಲೆ ಪ್ರಭೃತವಾದ ವೆಚ್ಚ. ಅದನ್ನು ಚರ್ಚಿಸಬಹುದು, ಮತಕ್ಕೆ ಹಾಕುವಂತಿಲ್ಲ. ಬಜೆಟ್ ಪುಸ್ತಕದಲ್ಲಿ ಬೇಡಿಕೆ ಸಂಖ್ಯೆ 29 ಆಗಿ ಬರುವ ಸಾಲ ಸೇವೆಯ ಬಾಬ್ತು ಹೀಗಾಗಿ ಸದನದಲ್ಲಿ ಹೆಚ್ಚು ಸದ್ದು ಮಾಡುವುದಿಲ್ಲ. ಸಂಬಳ ಮತ್ತು ಪಿಂಚಣಿಯ ಬಹುಪಾಲು ಮತಕ್ಕೆ ಒಳಪಟ್ಟಿದ್ದರೂ ಕಡಿತ ಮಾಡಲು ಯಾವ ಪಕ್ಷಕ್ಕೂ ಧೈರ್ಯವಿಲ್ಲ. ಕೊನೆಗೆ ಶಾಸಕರ ಕೈಗೆ ನಿಜವಾಗಿ ಸಿಗುವುದು ಇವೆಲ್ಲ ಕಳೆದು ಉಳಿದ ಭಾಗದ ಮೇಲಿನ ಚರ್ಚೆ.

ಸಾಲಮನ್ನಾ

ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಲೇವಾದೇವಿ ಮತ್ತು ಕೃಷಿ ಋಣಭಾರದ ಪರಿಹಾರ ರಾಜ್ಯಪಟ್ಟಿಯಲ್ಲಿವೆ (ನಮೂದು 30). ಬ್ಯಾಂಕಿಂಗ್ ಕೇಂದ್ರಪಟ್ಟಿಯಲ್ಲಿದೆ (ನಮೂದು 45). ಸದನದಲ್ಲಿ ನಾಲ್ಕು ದಶಕಗಳಿಂದ ನಡೆದಿರುವ ಸಾಲಮನ್ನಾ ವಾಗ್ವಾದದ ಅರ್ಧ ಭಾಗ ಈ ಎರಡು ನಮೂದುಗಳ ನಡುವಿನ ಗೋಡೆಯ ಸುತ್ತ ನಡೆದಿದೆ. ಖಾಸಗಿ ಸಾಹುಕಾರರ ಸಾಲವನ್ನು ರಾಜ್ಯ ಒಂದು ಕಾಯ್ದೆಯಿಂದ ಅಳಿಸಬಹುದು. ಸಹಕಾರ ಸಂಘಗಳ ಸಾಲವನ್ನು ತಾನು ಹಣ ಕೊಟ್ಟು ತೀರಿಸಬಹುದು. ರಾಷ್ಟ್ರೀಕೃತ ಬ್ಯಾಂಕಿನ ಸಾಲ ಬಂದಾಗ ಸರ್ಕಾರ ದೆಹಲಿಯ ಕಡೆ ಬೆರಳು ತೋರಿಸುತ್ತದೆ, ವಿರೋಧ ಪಕ್ಷ ವಿಧಾನಸೌಧದ ಕಡೆ. ಅಧಿಕಾರ ಬದಲಾದಾಗ ಬೆರಳುಗಳ ದಿಕ್ಕೂ ಬದಲಾಗುತ್ತದೆ.

ಮೊದಲ ಬಗೆಯ ಪ್ರಯೋಗ ದೇವರಾಜ ಅರಸು ಅವರ ಕಾಲದ್ದು. 1976ರ ಕರ್ನಾಟಕ ಋಣ ಪರಿಹಾರ ಕಾಯ್ದೆ ಸಣ್ಣ ರೈತರು, ಭೂಹೀನ ಕೂಲಿಗಳು ಮತ್ತು ದುರ್ಬಲ ವರ್ಗದವರು ಸಾಹುಕಾರರಿಗೆ ಕೊಡಬೇಕಿದ್ದ ಸಾಲವನ್ನು ರದ್ದು ಮಾಡಿತು. ಇದಕ್ಕೆ ಬೊಕ್ಕಸದಿಂದ ಹಣ ಬೇಕಿರಲಿಲ್ಲ, ನಷ್ಟವೆಲ್ಲ ಸಾಲ ಕೊಟ್ಟವನದು. ಅದೇ ಜಾಡಿನಲ್ಲಿ ಎಚ್.ಡಿ. ಕುಮಾರಸ್ವಾಮಿ ಸರ್ಕಾರ 2018ರ ಋಣ ಪರಿಹಾರ ಕಾಯ್ದೆಯನ್ನು ತಂದಿತು. ರಾಷ್ಟ್ರಪತಿಯವರ ಅಂಕಿತ ಸಿಕ್ಕಿ 2019ರಲ್ಲಿ ಜಾರಿಯಾಯಿತು. 2025ರಲ್ಲಿ ಮೈಕ್ರೋಫೈನಾನ್ಸ್ ವಸೂಲಿಯ ಕಿರುಕುಳದ ದೂರುಗಳು ರಾಜ್ಯದಾದ್ಯಂತ ಎದ್ದಾಗ ಬಂದ ಸುಗ್ರೀವಾಜ್ಞೆ, ಬಳಿಕ ಕಾಯ್ದೆ, ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಸೆರೆವಾಸ ಮತ್ತು ಐದು ಲಕ್ಷದವರೆಗೆ ದಂಡ ವಿಧಿಸಿತು. ರಾಜ್ಯಪಾಲರು ಆ ಸುಗ್ರೀವಾಜ್ಞೆಯನ್ನು ಮೊದಲ ಸಲ ವಿವರಣೆ ಕೇಳಿ ಹಿಂದಕ್ಕೆ ಕಳಿಸಿದ್ದರು.

ಸಾಲ ತೀರಿಸುವ ಹೊಣೆ ಸರ್ಕಾರದ್ದೇ ಎಂಬ ವಾದವನ್ನು ರಾಜಕೀಯದ ನಡುಮನೆಗೆ ತಂದದ್ದು ರೈತ ಚಳವಳಿ. 1980ರ ಜುಲೈಯಲ್ಲಿ ಮಲಪ್ರಭಾ ಅಚ್ಚುಕಟ್ಟಿನ ನರಗುಂದ–ನವಲಗುಂದಗಳಲ್ಲಿ ಅಭಿವೃದ್ಧಿ ಕರದ ವಿರುದ್ಧ ಎದ್ದ ಬಂಡಾಯ, ಅದರ ಬೆನ್ನಿಗೆ ರೂಪುಗೊಂಡ ರಾಜ್ಯ ರೈತ ಸಂಘ, ಬೆಳೆಗೆ ನ್ಯಾಯವಾದ ಬೆಲೆ ಕೊಡದ ಸರ್ಕಾರವೇ ರೈತರಿಗೆ ಬಾಕಿದಾರ ಎಂದು ಲೆಕ್ಕವನ್ನು ತಿರುಗಿಸಿ ಹಾಕಿದವು. ಪ್ರೊ. ಎಂ.ಡಿ. ನಂಜುಂಡಸ್ವಾಮಿ, ಬಾಬಾಗೌಡ ಪಾಟೀಲ, ಕೆ.ಎಸ್. ಪುಟ್ಟಣ್ಣಯ್ಯ ಅವರು ವಿಧಾನಸಭೆಗೆ ಬಂದಾಗ ಈ ವಾದ ಬೀದಿಯಿಂದ ಕಡತಕ್ಕೆ ಇಳಿಯಿತು. ಸಂಖ್ಯೆಯಲ್ಲಿ ಅವರು ಯಾವತ್ತೂ ಬೆರಳೆಣಿಕೆ ಮೀರಲಿಲ್ಲ. ಆದರೆ ದೊಡ್ಡ ಪಕ್ಷಗಳ ಪ್ರಣಾಳಿಕೆಯಲ್ಲಿ ಸಾಲಮನ್ನಾ ಕಾಯಂ ಆದದ್ದು ಅವರು ಕೇಳಿದ ಮೇಲೆ.

ಕೇಂದ್ರ ಸರ್ಕಾರ 1990ರಲ್ಲಿ ವಿ.ಪಿ. ಸಿಂಗ್ ಅವರ ಕಾಲದಲ್ಲಿ 10,000 ರೂಪಾಯಿವರೆಗಿನ ಸಾಲಕ್ಕೆ, 2008ರಲ್ಲಿ ಯುಪಿಎ ಕಾಲದಲ್ಲಿ ಇನ್ನೂ ವ್ಯಾಪಕವಾಗಿ ಮನ್ನಾ ಘೋಷಿಸಿತ್ತು. 2008ರ ಯೋಜನೆಯಲ್ಲಿ ಅನರ್ಹರಿಗೆ ಲಾಭ ಸಿಕ್ಕಿದ್ದನ್ನೂ ಅರ್ಹರು ಬಿಟ್ಟುಹೋದದ್ದನ್ನೂ ಸರ್ಕಾರಿ ಲೆಕ್ಕ ಪರಿಶೋಧಿಸುವ ಸಿಎಜಿ 2013ರ ವರದಿಯಲ್ಲಿ ಎತ್ತಿ ತೋರಿಸಿತು. ಕರ್ನಾಟಕದ ಶಾಸಕರ ಕೈಗೆ ಅದೊಂದು ಒಳ್ಳೆಯ ಪಾಠಪಟ್ಟಿ ಆಗಬಹುದಿತ್ತು. ಐದು ವರ್ಷದ ನಂತರ ಅದೇ ತಪ್ಪುಗಳ ಬಗ್ಗೆ ಪ್ರಶ್ನೆಗಳು ಮತ್ತೆ ಮೊದಲಿನಿಂದ ಶುರುವಾದವು.

2017ರ ಜೂನ್ 21ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸಹಕಾರ ಸಂಸ್ಥೆಗಳಲ್ಲಿನ 50,000 ರೂಪಾಯಿವರೆಗಿನ ಬೆಳೆ ಸಾಲವನ್ನು ಮನ್ನಾ ಮಾಡುವುದಾಗಿ ವಿಧಾನಸಭೆಯಲ್ಲಿ ಪ್ರಕಟಿಸಿದರು. ಹೊರೆ 8,165 ಕೋಟಿ, ಫಲಾನುಭವಿಗಳು 22 ಲಕ್ಷಕ್ಕೂ ಹೆಚ್ಚು. ರೈತರ ಸಾಲದ ದೊಡ್ಡ ಪಾಲು ವಾಣಿಜ್ಯ ಬ್ಯಾಂಕುಗಳಲ್ಲಿದೆ, ಅದನ್ನು ಕೇಂದ್ರ ಮನ್ನಾ ಮಾಡಲಿ ಎಂಬುದು ಅವರ ಸವಾಲು. ಬಿಜೆಪಿ ಸದಸ್ಯರು ಅದನ್ನು ನುಣುಚಿಕೊಳ್ಳುವ ಮಾತು ಎಂದರು.

ಗೋಡೆ ದಾಟುವ ಪ್ರಯತ್ನ ನಡೆದದ್ದು ಮರುವರ್ಷ. ಪೂರ್ಣ ಸಾಲಮನ್ನಾದ ಭರವಸೆ ಕೊಟ್ಟು ಸಮ್ಮಿಶ್ರ ಸರ್ಕಾರದ ಮುಖ್ಯಮಂತ್ರಿಯಾದ ಕುಮಾರಸ್ವಾಮಿ 2018ರ ಜುಲೈ 5ರ ಬಜೆಟ್ಟಿನಲ್ಲಿ ವಾಣಿಜ್ಯ ಬ್ಯಾಂಕುಗಳನ್ನೂ ಸೇರಿಸಿ 34,000 ಕೋಟಿ ರೂಪಾಯಿಯ ಯೋಜನೆ ಪ್ರಕಟಿಸಿದರು. 2017ರ ಡಿಸೆಂಬರ್ 31ರವರೆಗೆ ಸುಸ್ತಿಯಾದ ಬೆಳೆ ಸಾಲದಲ್ಲಿ 2 ಲಕ್ಷದವರೆಗೆ ಮನ್ನಾ. ಸಕಾಲಕ್ಕೆ ಕಟ್ಟಿದವರಿಗೆ ಕಟ್ಟಿದ ಮೊತ್ತ ಅಥವಾ 25,000, ಯಾವುದು ಕಡಿಮೆಯೋ ಅದು. ಸರ್ಕಾರಿ ಹಾಗೂ ಸಹಕಾರ ವಲಯದ ಅಧಿಕಾರಿಗಳ ಕುಟುಂಬಗಳು, ಮೂರು ವರ್ಷ ಆದಾಯ ತೆರಿಗೆ ಕಟ್ಟಿದವರು ಹೊರಗೆ. ಆ ವರ್ಷಕ್ಕೆ ತೆಗೆದಿಟ್ಟದ್ದು 6,500 ಕೋಟಿ. ಹಣ ಹೊಂದಿಸಲು ಪೆಟ್ರೋಲ್ ಮೇಲಿನ ತೆರಿಗೆ ಶೇ 30ರಿಂದ 32ಕ್ಕೆ, ಡೀಸೆಲ್ ಮೇಲಿನದು ಶೇ 19ರಿಂದ 21ಕ್ಕೆ, ವಿದ್ಯುತ್ ಬಳಕೆಯ ಮೇಲಿನದು ಶೇ 6ರಿಂದ 9ಕ್ಕೆ ಏರಿದವು. ಮದ್ಯದ ಅಬಕಾರಿ ಸುಂಕವೂ ಹೆಚ್ಚಿತು. ಮನ್ನಾದ ಪಕ್ಕದಲ್ಲೇ ಅದರ ಬೆಲೆಯನ್ನೂ ನಮೂದಿಸಿದ ಅಪರೂಪದ ಬಜೆಟ್ ಅದು.

ವಿರೋಧ ಪಕ್ಷದ ನಾಯಕ ಬಿ.ಎಸ್. ಯಡಿಯೂರಪ್ಪ ಮತ್ತು ಅವರ ಪಕ್ಷದವರು ಚರ್ಚೆಯಲ್ಲಿ ಎತ್ತಿದ ಮುಖ್ಯ ಆಕ್ಷೇಪ ಸರಳವಾಗಿತ್ತು: ಸುಸ್ತಿದಾರನಿಗೆ 2 ಲಕ್ಷ, ಪ್ರಾಮಾಣಿಕವಾಗಿ ನವೀಕರಿಸಿಕೊಂಡು ಬಂದವನಿಗೆ 25 ಸಾವಿರ, ಇದು ಯಾವ ನ್ಯಾಯ? ಸಹಕಾರ ಸಂಘದ ರೈತ ವರ್ಷವರ್ಷವೂ ಸಾಲ ಕಟ್ಟಿ ಮರುದಿನ ಮತ್ತೆ ಎತ್ತುವವನು. ಕಾಗದದ ಮೇಲೆ ಅವನು ಸುಸ್ತಿದಾರನಲ್ಲ, ಹೊಲದಲ್ಲಿ ಅವನೂ ಸಾಲಗಾರನೇ. ಆಡಳಿತ ಪಕ್ಷದ ಸಾಲಿನಲ್ಲೂ ಇದೇ ಅಸಮಾಧಾನವಿತ್ತು. ಜುಲೈ 12ರಂದು ಚರ್ಚೆಗೆ ಉತ್ತರಿಸುವಾಗ ಮುಖ್ಯಮಂತ್ರಿ ಸಹಕಾರ ಸಂಸ್ಥೆಗಳಲ್ಲಿನ ಚಾಲ್ತಿ ಸಾಲದಲ್ಲೂ 1 ಲಕ್ಷದವರೆಗೆ ಮನ್ನಾ ಘೋಷಿಸಿದರು. ಹೆಚ್ಚುವರಿ ಹೊರೆ 10,700 ಕೋಟಿ, ಒಟ್ಟು 44,700 ಕೋಟಿ. ಒಂದು ವಾರದ ಚರ್ಚೆ ಒಂದು ಯೋಜನೆಯ ಗಾತ್ರವನ್ನು ಸುಮಾರು ಮೂರನೆಯ ಒಂದು ಭಾಗದಷ್ಟು ಹಿಗ್ಗಿಸಿದ ಉದಾಹರಣೆ ಇದು. ಹಿಗ್ಗಿಸಿದ ಭಾಗಕ್ಕೆ ಹಣ ಎಲ್ಲಿಂದ ಎಂಬ ಪ್ರಶ್ನೆ ಅಷ್ಟು ಜೋರಾಗಿ ಬರಲಿಲ್ಲ.

ಜಾರಿಯ ಹಂತದಲ್ಲಿ ಪ್ರಶ್ನೆಗಳ ಬಣ್ಣ ಬದಲಾಯಿತು. ಆಧಾರ್, ಪಡಿತರ ಚೀಟಿ, ಪಹಣಿ ಮೂರೂ ತಾಳೆಯಾಗಬೇಕಿತ್ತು. ಜಮೀನು ಸತ್ತ ತಂದೆಯ ಹೆಸರಿನಲ್ಲಿ, ಸಾಲ ಮಗನ ಹೆಸರಿನಲ್ಲಿ, ಪಡಿತರ ಚೀಟಿ ಒಟ್ಟು ಕುಟುಂಬದ್ದು ಎಂಬ ಸ್ಥಿತಿ ಹಳ್ಳಿಗಳಲ್ಲಿ ಸಾಮಾನ್ಯ. 2018ರ ಡಿಸೆಂಬರ್‌ನಲ್ಲಿ ದೊಡ್ಡಬಳ್ಳಾಪುರ ಮತ್ತು ಸೇಡಂ ತಾಲ್ಲೂಕುಗಳಲ್ಲಿ ಪ್ರಾಯೋಗಿಕವಾಗಿ ಯೋಜನೆ ಆರಂಭವಾಯಿತು. ಅದೇ ತಿಂಗಳ ಬೆಳಗಾವಿ ಅಧಿವೇಶನದಲ್ಲಿ, ಆವರೆಗೆ ಮನ್ನಾ ದಕ್ಕಿದ್ದು ಸುಮಾರು 800 ರೈತರಿಗೆ ಎಂಬ ಅಂಕಿ ಹೊರಬಿತ್ತು. ಡಿಸೆಂಬರ್ 29ರಂದು ಪ್ರಧಾನಿ ನರೇಂದ್ರ ಮೋದಿ ಉತ್ತರ ಪ್ರದೇಶದ ಗಾಜಿಪುರದ ಸಭೆಯಲ್ಲಿ ಅದೇ ಅಂಕಿಯನ್ನು ಹಿಡಿದು ಸಾಲಮನ್ನಾವನ್ನು ಲಾಲಿಪಾಪ್ ಎಂದು ಹಂಗಿಸಿದರು. ಅದು ಎರಡು ತಾಲ್ಲೂಕಿನ ಆರಂಭದ ದಿನಗಳ ಲೆಕ್ಕ, ಪಾವತಿ ಮುಂದುವರಿದಿದೆ ಎಂದು ಕುಮಾರಸ್ವಾಮಿ ತಿರುಗೇಟು ಕೊಟ್ಟರು. ಇಬ್ಬರ ಮಾತೂ ತಂತಮ್ಮ ಮಟ್ಟಿಗೆ ಸರಿಯೇ. ಸದನದಲ್ಲಿ ಕೊಟ್ಟ ಅಂಕಿಗೆ ತಾರೀಕು ಅಂಟಿಕೊಂಡಿರುತ್ತದೆ; ಸಭೆಯ ವೇದಿಕೆಗೆ ಹೋಗುವಾಗ ಅದು ಉದುರಿಹೋಗುತ್ತದೆ.

ಈಚಿನ ವರ್ಷಗಳಲ್ಲಿ ಅಸಲು ಮನ್ನಾದಿಂದ ಬಡ್ಡಿ ರಿಯಾಯಿತಿಯತ್ತ ಸರ್ಕಾರಗಳು ಸರಿದಿವೆ. ಸಹಕಾರ ಸಂಸ್ಥೆಗಳ ಶೂನ್ಯ ಬಡ್ಡಿ ಬೆಳೆ ಸಾಲದ ಮಿತಿ 2023ರಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿತು. ಬರಗಾಲದ ಆ ವರ್ಷದ ಡಿಸೆಂಬರ್‌ನಲ್ಲಿ, ಅಸಲು ಕಟ್ಟಿದವರಿಗೆ ಮಧ್ಯಮಾವಧಿ ಮತ್ತು ದೀರ್ಘಾವಧಿ ಸಹಕಾರ ಸಾಲದ ಸುಸ್ತಿ ಬಡ್ಡಿ ಮನ್ನಾ ಮಾಡುವುದಾಗಿ ಬೆಳಗಾವಿಯಲ್ಲಿ ಘೋಷಣೆಯಾಯಿತು. ಆದರೆ ಸಂಘಗಳಿಗೆ ಸಾಲ ಕೊಡಲು ಹಣವೇ ಇಲ್ಲದಿದ್ದರೆ ಬಡ್ಡಿ ಎಷ್ಟಿದ್ದರೇನು? 2024–25ರಲ್ಲಿ ನಬಾರ್ಡ್ ರಾಜ್ಯಕ್ಕೆ ಕೊಡುವ ರಿಯಾಯಿತಿ ಅಲ್ಪಾವಧಿ ಸಾಲದ ಮಿತಿ 5,600 ಕೋಟಿಯಿಂದ 2,340 ಕೋಟಿಗೆ ಇಳಿಯಿತು. ರೈತರ ಮಟ್ಟಿಗೆ ಆ ವರ್ಷದ ಅತ್ಯಂತ ಮಹತ್ವದ ಹಣಕಾಸಿನ ಸುದ್ದಿ ಇದಾಗಿದ್ದರೂ ಸಾಲಮನ್ನಾದಷ್ಟು ಗಮನ ಸೆಳೆಯಲಿಲ್ಲ.

ಸಂಬಳ

ಸಂಬಳದ ಪ್ರಶ್ನೆಗೆ ತವರು ಪರಿಷತ್ತು. ಅದರ 75 ಸ್ಥಾನಗಳಲ್ಲಿ 7 ಶಿಕ್ಷಕರ ಕ್ಷೇತ್ರದವು, 7 ಪದವೀಧರರ ಕ್ಷೇತ್ರದವು. ಮತದಾರರೇ ಸಂಬಳದಾರರಾದ ಮೇಲೆ ಅತಿಥಿ ಉಪನ್ಯಾಸಕರ ಗೌರವಧನ, ಅನುದಾನಿತ ಶಾಲೆಗಳ ಶಿಕ್ಷಕರ ಪಿಂಚಣಿ, ಕಾಲ್ಪನಿಕ ವೇತನ ಬಡ್ತಿ ಮುಂತಾದವು ಅಲ್ಲಿ ಋತುಮಾನದಂತೆ ಮರಳುತ್ತವೆ. ಪಶ್ಚಿಮ ಶಿಕ್ಷಕರ ಕ್ಷೇತ್ರದಿಂದ 1980ರಿಂದ ಎಂಟು ಬಾರಿ ಗೆದ್ದ ಬಸವರಾಜ ಹೊರಟ್ಟಿ ಅವರ ರಾಜಕೀಯ ಜೀವನ ಇಂಥ ಪ್ರಶ್ನೆಗಳ ಮೇಲೆಯೇ ನಿಂತದ್ದು.

ಒಟ್ಟು ನೌಕರ ವರ್ಗದ ಸಂಬಳ ನಿರ್ಧಾರವಾಗುವುದು ವೇತನ ಆಯೋಗಗಳಿಂದ. ಎಂ.ಆರ್. ಶ್ರೀನಿವಾಸಮೂರ್ತಿ ನೇತೃತ್ವದ ಆರನೇ ಆಯೋಗ 2018ರ ಜನವರಿಯಲ್ಲಿ ಶೇ 30ರ ಹೆಚ್ಚಳ ಶಿಫಾರಸು ಮಾಡಿತು. ವರ್ಷದ ಹೊರೆ 10,508 ಕೋಟಿ. ನಿವೃತ್ತ ಮುಖ್ಯ ಕಾರ್ಯದರ್ಶಿ ಕೆ. ಸುಧಾಕರ ರಾವ್ ನೇತೃತ್ವದ ಏಳನೇ ಆಯೋಗ 2022ರ ನವೆಂಬರ್‌ನಲ್ಲಿ ರಚನೆಯಾಯಿತು. ವರದಿಗೆ ಕಾಯಲು ಒಪ್ಪದ ನೌಕರರ ಸಂಘ 2023ರ ಮಾರ್ಚ್ 1ರಂದು ಮುಷ್ಕರ ಹೂಡಿತು. ಚುನಾವಣೆ ಹೊಸ್ತಿಲಲ್ಲಿದ್ದ ಬಸವರಾಜ ಬೊಮ್ಮಾಯಿ ಸರ್ಕಾರ ಅಂದೇ ಶೇ 17ರ ಮಧ್ಯಂತರ ಪರಿಹಾರದ ಆದೇಶ ಹೊರಡಿಸಿತು. ಶಾಸಕರು ವರ್ಷಗಟ್ಟಲೆ ಕೇಳಿದ್ದಕ್ಕೆ ಸಿಗದ ಉತ್ತರ ಕಚೇರಿಗಳು ಒಂದು ದಿನ ಬಾಗಿಲು ಹಾಕಿದಾಗ ಸಿಕ್ಕಿತು.

ಆಯೋಗದ ಅಂತಿಮ ವರದಿ 2024ರ ಮಾರ್ಚ್ 16ರಂದು ಬಂತು. ಲೋಕಸಭಾ ಚುನಾವಣೆ ಮುಗಿದು, ನೌಕರರು ಮತ್ತೆ ಮುಷ್ಕರದ ದಿನಾಂಕ ಗೊತ್ತು ಮಾಡಿದ ಮೇಲೆ, ಜುಲೈ 16ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸದನದಲ್ಲಿ ಹೇಳಿಕೆ ನೀಡಿದರು. ಆಗಸ್ಟ್ 1ರಿಂದ ಶೇ 27.5ರ ಫಿಟ್‌ಮೆಂಟ್, ಕನಿಷ್ಠ ಮೂಲವೇತನ 17,000ದಿಂದ 27,000ಕ್ಕೆ, ಗರಿಷ್ಠ 1,50,600ರಿಂದ 2,41,200ಕ್ಕೆ. ವರ್ಷದ ಹೆಚ್ಚುವರಿ ಹೊರೆ 20,208 ಕೋಟಿ. ಯಾವ ಪಕ್ಷವೂ ಇದನ್ನು ವಿರೋಧಿಸಲಿಲ್ಲ. ಇದೇ ಅವಧಿಯಲ್ಲಿ ಮಂಜೂರಾದ ಹುದ್ದೆಗಳಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಖಾಲಿ ಬಿದ್ದಿದ್ದವು. ಇದ್ದವರ ಸಂಬಳ ಏರಿಸಲು ಖಾಲಿ ಹುದ್ದೆ ತುಂಬುವುದನ್ನು ಮುಂದೂಡಲಾಗುತ್ತಿದೆಯೇ ಎಂಬ ನೇರ ಪ್ರಶ್ನೆಯನ್ನು ನೌಕರರ ಸಂಘವೂ ಕೇಳುವುದಿಲ್ಲ, ಕೆಲಸ ಹುಡುಕುವವರಿಗೆ ಸದನದಲ್ಲಿ ಕ್ಷೇತ್ರವಿಲ್ಲ.

2006ರ ಏಪ್ರಿಲ್ 1ರ ನಂತರ ಸೇರಿದವರಿಗೆ ಅನ್ವಯವಾಗುವ ಹೊಸ ಪಿಂಚಣಿ ಪದ್ಧತಿ ರದ್ದತಿ ಇನ್ನೊಂದು ಚಿರಂತನ ಬೇಡಿಕೆ. 2024ರ ಜನವರಿಯಲ್ಲಿ, ಆ ದಿನಾಂಕಕ್ಕೆ ಮೊದಲೇ ಅಧಿಸೂಚನೆಯಾಗಿ ನಂತರ ನೇಮಕಗೊಂಡ ಸುಮಾರು 13,000 ಮಂದಿಗೆ ಮಾತ್ರ ಹಳೆಯ ಪಿಂಚಣಿ ಸಿಕ್ಕಿತು. ಸಾರಿಗೆ ನಿಗಮಗಳ ನೌಕರರ ಕಥೆ ಬೇರೆ. ಆರನೇ ವೇತನ ಆಯೋಗಕ್ಕೆ ಸಮನಾದ ಸಂಬಳ ಕೇಳಿ ಅವರು 2021ರ ಏಪ್ರಿಲ್‌ನಲ್ಲಿ ದೀರ್ಘ ಮುಷ್ಕರ ನಡೆಸಿದರು. 2020ರ ಜನವರಿಯಿಂದ ಲೆಕ್ಕ ಹಾಕಿದ 38 ತಿಂಗಳ ಹಿಂಬಾಕಿ ಆಮೇಲೂ ವಿವಾದವಾಗಿ ಉಳಿಯಿತು. ನಿಗಮದ ನೌಕರ ಸರ್ಕಾರಿ ನೌಕರನಲ್ಲ ಎಂಬ ಉತ್ತರ ಕಾನೂನಿನಲ್ಲಿ ನಿಲ್ಲುತ್ತದೆ. ಆದರೆ ಮಹಿಳೆಯರಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆಯನ್ನು 2023ರ ಜೂನ್ 11ರಿಂದ ಅದೇ ನಿಗಮಗಳ ಬಸ್ಸುಗಳಲ್ಲಿ ಸರ್ಕಾರ ನಡೆಸುತ್ತಿರುವಾಗ ಆ ಉತ್ತರಕ್ಕೆ ನೈತಿಕ ತೂಕ ಕಡಿಮೆ.

ವೆಚ್ಚ ಮತ್ತು ಲೆಕ್ಕ

ಕರ್ನಾಟಕ 2002ರಲ್ಲಿ, ಎಸ್.ಎಂ. ಕೃಷ್ಣ ಅವರ ಕಾಲದಲ್ಲಿ, ದೇಶದ ರಾಜ್ಯಗಳಲ್ಲೇ ಮೊದಲನೆಯದಾಗಿ ವಿತ್ತೀಯ ಹೊಣೆಗಾರಿಕೆ ಅಧಿನಿಯಮ ಮಾಡಿಕೊಂಡಿತು. ರಾಜಸ್ವ ಕೊರತೆ ಇಲ್ಲದಿರಬೇಕು, ವಿತ್ತೀಯ ಕೊರತೆ ರಾಜ್ಯದ ಒಟ್ಟು ಉತ್ಪನ್ನದ ಶೇ 3 ದಾಟಬಾರದು, ಒಟ್ಟು ಹೊಣೆ ಶೇ 25ರ ಒಳಗಿರಬೇಕು ಎಂಬುದು ಸಾರ. 2004–05ರಿಂದ ಕೋವಿಡ್‌ವರೆಗೆ ರಾಜ್ಯ ರಾಜಸ್ವ ಹೆಚ್ಚುವರಿಯನ್ನು ಉಳಿಸಿಕೊಂಡಿತ್ತು. 2020ರಲ್ಲಿ ವಿತ್ತೀಯ ಕೊರತೆಯ ಮಿತಿಯನ್ನು ಶೇ 5ಕ್ಕೆ ಸಡಿಲಿಸಲಾಯಿತು.

2023ರ ನಂತರ ವೆಚ್ಚದ ಪ್ರಶ್ನೆಗಳೆಲ್ಲ ಶಕ್ತಿ ಸೇರಿದಂತೆ ಸರ್ಕಾರದ ಐದು ಗ್ಯಾರಂಟಿ ಯೋಜನೆಗಳ ಸುತ್ತ ತಿರುಗಿದವು. ವರ್ಷಕ್ಕೆ ಸುಮಾರು 52,000 ಕೋಟಿ ಬೇಡುವ ಈ ಯೋಜನೆಗಳಿಂದ ರಸ್ತೆ, ನೀರಾವರಿಗೆ ಹಣವಿಲ್ಲ ಎಂಬುದು ವಿರೋಧ ಪಕ್ಷದ ದೂರು. ಅನುದಾನ ಸಿಗುತ್ತಿಲ್ಲ ಎಂದು ಆಡಳಿತ ಪಕ್ಷದ ಕೆಲವು ಶಾಸಕರೂ ಬಹಿರಂಗವಾಗಿ ಗೊಣಗಿದರು. ಹೆಚ್ಚು ಮೊನಚಾದ ಪ್ರಶ್ನೆ ಪರಿಶಿಷ್ಟರ ಹಣದ್ದು. ಪರಿಶಿಷ್ಟ ಜಾತಿ ಉಪಯೋಜನೆ ಮತ್ತು ಬುಡಕಟ್ಟು ಉಪಯೋಜನೆಗಳ 2013ರ ಕಾಯ್ದೆ ಸಿದ್ದರಾಮಯ್ಯ ಸರ್ಕಾರದ್ದೇ ಹೆಗ್ಗಳಿಕೆ. ಹಣ ಬೇರೆಡೆ ಹರಿಯಲು ಕಿಂಡಿಯಾಗಿದ್ದ ಅದರ 7(ಡಿ) ಪ್ರಕರಣವನ್ನು 2023ರಲ್ಲಿ ತೆಗೆದುಹಾಕಿದ್ದೂ ಅದೇ ನಾಯಕತ್ವ. 2024–25ರಲ್ಲಿ ಈ ನಿಧಿಯ 39,121 ಕೋಟಿಯಲ್ಲಿ 14,282 ಕೋಟಿಯನ್ನು ಗ್ಯಾರಂಟಿಗಳಿಗೆ ತೋರಿಸಲಾಯಿತು. ಫಲಾನುಭವಿಗಳಲ್ಲಿ ಪರಿಶಿಷ್ಟರೂ ಇದ್ದಾರೆ ಎಂಬುದು ಸರ್ಕಾರದ ಸಮಜಾಯಿಷಿ. ಎಲ್ಲರಿಗೂ ಸಿಗುವ ಸೌಲಭ್ಯದಲ್ಲಿ ಪರಿಶಿಷ್ಟರ ಪಾಲನ್ನು ಅವರ ಪ್ರತ್ಯೇಕ ನಿಧಿಯಿಂದಲೇ ಕೊಟ್ಟರೆ ಆ ನಿಧಿ ಪ್ರತ್ಯೇಕವಾಗಿ ಏಕಿರಬೇಕು ಎಂಬ ಮರುಪ್ರಶ್ನೆಗೆ ಸದನದಲ್ಲಿ ತೃಪ್ತಿಕರ ಉತ್ತರ ಬಂದಿಲ್ಲ.

2025ರ ಮಾರ್ಚ್ 7ರಂದು ಸಿದ್ದರಾಮಯ್ಯ ತಮ್ಮ 16ನೇ ಬಜೆಟ್ ಮಂಡಿಸಿದರು. 13 ಬಜೆಟ್‌ಗಳ ರಾಮಕೃಷ್ಣ ಹೆಗಡೆ ಅವರ ದಾಖಲೆಯನ್ನು ಅವರು 2023ರಲ್ಲೇ ದಾಟಿದ್ದರು. ಗಾತ್ರ 4,09,549 ಕೋಟಿ, ಹೊಸ ಸಾಲ 1,16,000 ಕೋಟಿ, ರಾಜಸ್ವ ಕೊರತೆ 19,262 ಕೋಟಿ, ವರ್ಷಾಂತ್ಯದ ಒಟ್ಟು ಹೊಣೆ 7,64,655 ಕೋಟಿ, ಅಂದರೆ ಉತ್ಪನ್ನದ ಶೇ 24.91. ಶೇ 25ರ ಗೆರೆಗೆ ಕೂದಲೆಳೆಯಷ್ಟು ಕೆಳಗೆ ನಿಲ್ಲಿಸಿದ ಲೆಕ್ಕ. ಕೇಂದ್ರದ ತೆರಿಗೆಯಲ್ಲಿ ರಾಜ್ಯದ ಪಾಲು 14ನೇ ಹಣಕಾಸು ಆಯೋಗದ ಶೇ 4.713ರಿಂದ 15ನೆಯದರಲ್ಲಿ ಶೇ 3.647ಕ್ಕೆ ಇಳಿದದ್ದು ಸಾಲದ ಪ್ರಶ್ನೆಗೆಲ್ಲ ಸರ್ಕಾರದ ಸಿದ್ಧ ಉತ್ತರ. ಅದು ನಿಜವೂ ಹೌದು. ಹಾಗೆಂದು ಅದೊಂದೇ ಉತ್ತರವಾಗಲಾರದು. 2023–24ರಲ್ಲಿ ರಾಜಸ್ವ ವೆಚ್ಚದ ಸುಮಾರು ಶೇ 15 ಗ್ಯಾರಂಟಿಗಳಿಗೆ ಹೋಗಿ ರಾಜ್ಯ 9,271 ಕೋಟಿಯ ರಾಜಸ್ವ ಕೊರತೆಗೆ ಬಿತ್ತೆಂದು ಸಿಎಜಿ 2025ರ ಆಗಸ್ಟ್‌ನಲ್ಲಿ ಮಂಡನೆಯಾದ ವರದಿಯಲ್ಲಿ ದಾಖಲಿಸಿತು.

ಇಂಥ ವರದಿಗಳನ್ನು ಹಿಡಿದು ಕೂರುವ ಜಾಗ ಸಾರ್ವಜನಿಕ ಲೆಕ್ಕಪತ್ರ ಸಮಿತಿ. ರೂಢಿಯಂತೆ ಅದರ ಅಧ್ಯಕ್ಷತೆ ವಿರೋಧ ಪಕ್ಷದ್ದು. ಸಚಿವರು ಸದನದಲ್ಲಿ ಕೊಟ್ಟ ಮಾತುಗಳ ಬೆನ್ನು ಹತ್ತಲು ಸರ್ಕಾರಿ ಭರವಸೆಗಳ ಸಮಿತಿ ಇದೆ. ಕ್ಯಾಮೆರಾ ಇಲ್ಲದ ಈ ಕೋಣೆಗಳಲ್ಲಿ ಪಕ್ಷಭೇದ ಕಡಿಮೆ, ಕೆಲಸ ಹೆಚ್ಚು. ಆದರೆ ಖರ್ಚಾಗಿ ಎರಡು–ಮೂರು ವರ್ಷವಾದ ಹಣದ ಬಗ್ಗೆ ಬರುವ ವರದಿಗೆ ಅಷ್ಟು ಹೊತ್ತಿಗೆ ಓದುಗರು ಉಳಿದಿರುವುದಿಲ್ಲ.

ಶಾಸಕರು ಪ್ರಶ್ನಿಸದ ಒಂದು ವೆಚ್ಚವೂ ಇದೆ. 2022ರ ಫೆಬ್ರುವರಿಯಲ್ಲಿ ಗದ್ದಲದ ನಡುವೆ ಅವರ ಸಂಬಳ 25,000ದಿಂದ 40,000 ರೂಪಾಯಿಗೆ ಏರಿತು. 2025ರ ಮಾರ್ಚ್ 21ರಂದು ಮತ್ತೆ ಗದ್ದಲ: ಗುತ್ತಿಗೆಯಲ್ಲಿ ಮುಸ್ಲಿಮರಿಗೆ ಶೇ 4ರ ಮೀಸಲಾತಿ ಮತ್ತು ಹನಿಟ್ರ್ಯಾಪ್ ಆರೋಪ ಕುರಿತು ಬಿಜೆಪಿ ಸದಸ್ಯರು ಸಭಾಧ್ಯಕ್ಷರ ಪೀಠದೆದುರು ಇದ್ದಾಗಲೇ ಶಾಸಕರ ಸಂಬಳವನ್ನು 40,000ದಿಂದ 80,000ಕ್ಕೆ, ಮುಖ್ಯಮಂತ್ರಿಯವರದನ್ನು 75,000ದಿಂದ 1.5 ಲಕ್ಷಕ್ಕೆ ಏರಿಸುವ ವಿಧೇಯಕಗಳು ಚರ್ಚೆಯಿಲ್ಲದೆ ಪಾಸಾದವು. ಅದೇ ದಿನ ಬಿಜೆಪಿಯ 18 ಶಾಸಕರು ಆರು ತಿಂಗಳಿಗೆ ಅಮಾನತಾದರು. ಮೇ ತಿಂಗಳಲ್ಲಿ ಅಮಾನತು ಹಿಂತೆಗೆಯಲಾಯಿತು. ವರ್ಷಕ್ಕೆ ಕನಿಷ್ಠ 60 ದಿನ ಸದನ ನಡೆಯಬೇಕೆಂದು ಇದೇ ವಿಧಾನಮಂಡಲ 2005ರಲ್ಲಿ ಮಾಡಿಕೊಂಡ ಕಾಯ್ದೆ ಪಾಲನೆಯಾದ ವರ್ಷಗಳು ಮಾತ್ರ ತೀರ ಅಪರೂಪ.